ಗಡಿಬಿಡಿಯ ಚಿತ್ರ ಯಾರದು?

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯ ಬಗ್ಗೆ ತಿಳಿವಳಿಕೆ ಮೂಡಿಸುವ ಪೋಸ್ಟರುಗಳು, ಕಿರು ಅನಿಮೇಷನ್‌ಗಳು ಈಗ ಹುಣಸೂರು, ಪಿರಿಯಾಪಟ್ಟಣದ ಮೇಷ್ಟರುಗಳ ಮೊಬೈಲಿಗೂ ಬಂದು ಬೀಳುತ್ತವೆ. ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಹುಡುಗನೊಬ್ಬನ ತಲೆಯ ಮುಚ್ಚಳ ತೆರೆಯುತ್ತದೆ; ಒಳಗಿಂದ ಸ್ಪ್ರಿಂಗು, ರಾಕೆಟ್ಟು, ಚಿಟ್ಟೆ, ಹತ್ತಾರು ಟಿ.ವಿ. ಪರದೆಗಳು ಚಿಮ್ಮುತ್ತವೆ, ಕೆಂಪು ಹಳದಿ ಬಣ್ಣಗಳು ಕಣ್ಣಿಗೆ ರಾಚುತ್ತವೆ, ಅರ್ಧ ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುತ್ತದೆ, ಸದ್ದಿನ ಮೇಲೆ ಸದ್ದು ಪೇರುತ್ತದೆ, ನಡುವೆ ಹುಡುಗ ಕಿವಿ ಮುಚ್ಚಿಕೊಂಡು ಕೂತಿದ್ದಾನೆ. ಇದರ ಹಿಂದಿರುವ ನಂಬಿಕೆ ಇಷ್ಟು: ಎಡಿಎಚ್‌ಡಿ ಇರುವವರ ತಲೆಯೊಳಗೆ ಹೀಗೇ ಇರುತ್ತದೆ, ಮಾತಿನಲ್ಲಿ ಹೇಳಲಾಗದ್ದನ್ನು ಚಿತ್ರ ತೋರಿಸುತ್ತದೆ, ಎರಡು ನಿಮಿಷ ಆ ಗಡಿಬಿಡಿಯೊಳಗೆ ಕೂತೆದ್ದವರಿಗೆ ಆ ಮಗು ಅರ್ಥವಾಗುತ್ತದೆ. ಹುಣಸೂರು, ಕೆ.ಆರ್. ನಗರದ ಕಡೆಯಿಂದ ಮೈಸೂರಿಗೋ ಬೆಂಗಳೂರಿಗೋ ಅನಿಮೇಷನ್, ಗ್ರಾಫಿಕ್ ಡಿಸೈನ್ ಕಲಿಯಲು ಹೋಗುವ ಹುಡುಗ ಹುಡುಗಿಯರೂ ಈ ವಿಷಯ ಕೈಗೆತ್ತಿಕೊಂಡರೆ ಇದೇ ಅಚ್ಚಿಗೆ ಬಂದು ನಿಲ್ಲುವುದು ಸುಲಭ. ಈ ನಂಬಿಕೆಯಲ್ಲಿ ಸದುದ್ದೇಶವೂ ಗೊಂದಲವೂ ಬೆರೆತುಹೋಗಿವೆ ಎಂಬುದು ನನ್ನ ವಾದ.

ಮೊದಲು ಅದರ ಪರವಾಗಿ ಹೇಳಬಹುದಾದದ್ದನ್ನು ಹೇಳಿಬಿಡಬೇಕು, ಅದೇನೂ ಕಡಿಮೆಯಿಲ್ಲ. ಎಡಿಎಚ್‌ಡಿಗೆ ಮೈಮೇಲೆ ಗುರುತಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ಇದೇ ಎಂದು ಹೇಳುವಂತಿಲ್ಲ. ಮನೆಯವರನ್ನೂ ಶಾಲೆಯವರನ್ನೂ ಕೇಳಿ, ಮಗುವಿನ ನಡವಳಿಕೆಯ ಇತಿಹಾಸ ಕೆದಕಿಯೇ ನಿರ್ಧರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಜಾಗವಿದೆ, ಎಡಿಎಚ್‌ಡಿಗೆ ಅದರದೇ ಹೆಸರಿನ ಜಾಗವಿಲ್ಲ. ಕಣ್ಣಿಗೂ ಕಾಣದ, ಪಟ್ಟಿಯಲ್ಲೂ ಇಲ್ಲದ ತೊಂದರೆಗೆ ಊರಿನಲ್ಲಿ ಸಿಗುವ ಹೆಸರುಗಳು ಸೋಮಾರಿ, ತುಂಟ, ಪೋಲಿ. ಸಿಗುವ ಔಷಧಿ ಬೆತ್ತ. ಅಂಥ ಕಡೆ ಒಂದು ಚಿತ್ರ ಬಂದು ಒಳಗೆ ಏನೋ ಬೇರೆಯೇ ನಡೆಯುತ್ತಿದೆ ಎಂದು ಹೇಳಿದರೆ, ಬೆತ್ತ ಒಂದು ಗಳಿಗೆಯಾದರೂ ಕೆಳಗಿಳಿಯಬಹುದು. ಇನ್ನೊಂದು ಕಾರಣ ಕಲೆಗೇ ಸೇರಿದ್ದು. ಕ್ಯಾಮೆರಾ ಇರುವುದನ್ನು ಹಿಡಿಯುತ್ತದೆ, ಅನಿಮೇಷನ್ ಇಲ್ಲದ್ದನ್ನು ಬರೆಯುತ್ತದೆ. ಮನಸ್ಸಿನೊಳಗಿನದನ್ನು ತೋರಿಸಲು ಅದಕ್ಕಿಂತ ಹೊಂದುವ ಮಾಧ್ಯಮ ಯಾವುದು? ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ತಲೆಯಲ್ಲಿ ಹತ್ತು ಚಾನೆಲ್ ಒಟ್ಟಿಗೆ ಓಡುತ್ತವೆ ಎಂದು ಎಡಿಎಚ್‌ಡಿ ಇರುವ ಎಷ್ಟೋ ಜನ ತಾವೇ ಹೇಳುತ್ತಾರೆ. 2022ರಲ್ಲಿ ಬಂದ ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಎಂಬ ಸಿನಿಮಾದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೇನಿಯಲ್ ಕ್ವಾನ್, ಚಿತ್ರಕ್ಕಾಗಿ ಎಡಿಎಚ್‌ಡಿ ಬಗ್ಗೆ ಓದುತ್ತಾ ಹೋಗಿ ತಮಗೂ ಅದಿದೆ ಎಂದು ಕಂಡುಕೊಂಡವರು. ಆ ಸಿನಿಮಾದ ದೃಶ್ಯಗಳು ಹೇಗೆ ನುಗ್ಗುತ್ತವೆ ಎಂಬುದು ನೋಡಿದವರಿಗೆ ಗೊತ್ತು.

ಆದರೂ ಕೇಳಬೇಕಾದ ಮೊದಲ ಪ್ರಶ್ನೆ, ಈ ಗಡಿಬಿಡಿಯನ್ನು ಯಾರು ಎಲ್ಲಿ ನಿಂತು ನೋಡಿ ಬರೆದದ್ದು ಎಂಬುದು. ಚಡಪಡಿಸುವ ಮಗುವಿನ ಚಿತ್ರಕ್ಕೆ ಹೆಚ್ಚು ಕಡಿಮೆ 180 ವರ್ಷಗಳ ಇತಿಹಾಸವಿದೆ. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಶ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ಮಗನಿಗೆ ಕೊಡಲು ಒಳ್ಳೆಯ ಪುಸ್ತಕ ಸಿಗಲಿಲ್ಲವೆಂದು ತಾನೇ ಪದ್ಯ ಕಟ್ಟಿ ಚಿತ್ರ ಬರೆದ. ಮುಂದೆ ಆತ ಅದೇ ಊರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾದ. ಅಚ್ಚಾದ ಮೇಲೆ ಆ ಪುಸ್ತಕ ಬೆಳೆಯುತ್ತಾ ಹೋಗಿ, ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದ ಫಿಲಿಪ್ ಎಂಬ ಹುಡುಗನೂ ಅದರೊಳಗೆ ಬಂದ. ಕುರ್ಚಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಾನೆ, ಬೀಳುವಾಗ ಮೇಜಿನ ಬಟ್ಟೆ ಹಿಡಿಯುತ್ತಾನೆ, ತಟ್ಟೆ ಊಟ ಎಲ್ಲವೂ ನೆಲಕ್ಕೆ. ಎಡಿಎಚ್‌ಡಿಯ ಚರಿತ್ರೆ ಬರೆಯುವವರು ಇಂದಿಗೂ ಈ ಫಿಲಿಪ್‌ನನ್ನು ನೆನೆಯುತ್ತಾರೆ. ಗಮನಿಸಬೇಕಾದ್ದು ಚಿತ್ರದ ಕೋನ. ಅದು ಅಪ್ಪ ಅಮ್ಮ ಕೂತ ಕುರ್ಚಿಯಿಂದ ಕಂಡ ಫಿಲಿಪ್. ಫಿಲಿಪ್‌ಗೆ ಆ ಹೊತ್ತಿನಲ್ಲಿ ಏನು ಕಾಣುತ್ತಿತ್ತು ಎಂಬುದಕ್ಕೆ ಒಂದು ಗೆರೆಯೂ ಇಲ್ಲ. ಇಂದಿನ ಅನಿಮೇಷನ್ ಮಾಡಿದ್ದೇನೆಂದರೆ, ನೆಲಕ್ಕೆ ಬಿದ್ದ ಆ ತಟ್ಟೆಗಳನ್ನೇ ಆಯ್ದು ಹುಡುಗನ ತಲೆಯೊಳಗೆ ಹಾಕಿದ್ದು. ಹೊರಗೆ ಗಲಾಟೆ ಕಂಡದ್ದರಿಂದ ಒಳಗೂ ಗಲಾಟೆಯೇ ಇರಬೇಕು ಎಂಬ ಊಹೆ ಅದು. ನೋಡುವವರಿಗಾದ ಕಿರಿಕಿರಿಯನ್ನು ಅನುಭವಿಸುವವರ ಲೆಕ್ಕಕ್ಕೆ ಬರೆದಿದ್ದಾರೆ.

ಎರಡನೆಯ ಹೆಜ್ಜೆಗೆ ವೈದ್ಯಕೀಯ ಪಟ್ಟಿಯನ್ನೇ ತೆರೆದು ನೋಡೋಣ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಪರಿಷ್ಕರಣೆಯಾದಾಗ 18 ಲಕ್ಷಣಗಳನ್ನು ಪಟ್ಟಿ ಮಾಡಿತು: ಗಮನಕ್ಕೆ ಸೇರಿದ್ದು 9, ಅತಿಚಟುವಟಿಕೆ ಮತ್ತು ದುಡುಕಿಗೆ ಸೇರಿದ್ದು 9. ಗಮನದ ಒಂಬತ್ತು ಯಾವುವು? ಅಜಾಗರೂಕತೆಯ ತಪ್ಪು, ಗಮನ ಹಿಡಿದಿಡಲಾಗದಿರುವುದು, ಹೇಳಿದ್ದು ಕೇಳಿಸಿಕೊಳ್ಳದಂತೆ ಕಾಣುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು, ಒಪ್ಪಓರಣ ಇಲ್ಲದಿರುವುದು, ತಲೆ ಓಡಿಸಬೇಕಾದ ದೀರ್ಘ ಕೆಲಸಕ್ಕೆ ಹಿಂಜರಿಕೆ, ವಸ್ತುಗಳನ್ನು ಕಳೆಯುವುದು, ಮನಸ್ಸು ಬೇಗ ಬೇರೆಡೆಗೆ ಹರಿಯುವುದು, ದಿನನಿತ್ಯದ ಮರೆವು. ಇವುಗಳಲ್ಲಿ ಯಾವುದಕ್ಕೂ ರಾಕೆಟ್ಟು ಬೇಕಿಲ್ಲ. ಹೆಚ್ಚಿನವು ಸದ್ದೇ ಮಾಡುವುದಿಲ್ಲ. ಕಿಟಕಿ ಪಕ್ಕ ಕೂತು, ಯಾರಿಗೂ ತೊಂದರೆ ಕೊಡದೆ, ಪ್ರತಿ ಪರೀಕ್ಷೆಯಲ್ಲೂ ಕೊನೆಯ ಪ್ರಶ್ನೆ ಬಿಟ್ಟು ಬರುವ ಹುಡುಗಿಯನ್ನು ಈ ಪಟ್ಟಿ ಹಿಡಿಯುತ್ತದೆ, ಪೋಸ್ಟರು ಹಿಡಿಯುವುದಿಲ್ಲ. ಗಡಿಬಿಡಿಯ ಚಿತ್ರ ನೋಡಿ ಕಲಿತ ಮೇಷ್ಟರು ಅವಳನ್ನು ದಾಟಿಕೊಂಡು ಹಿಂದಿನ ಬೆಂಚಿನ ಹುಡುಗನ ಕಡೆಗೆ ಹೋಗುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಬಹಳ ತಡವಾಗಿ ಪತ್ತೆಯಾಗುವುದಕ್ಕೆ ಇರುವ ಕಾರಣಗಳಲ್ಲಿ ಇಂಥ ಅರ್ಧ ಚಿತ್ರವೂ ಒಂದು.

ಮೂರನೆಯದು ನನ್ನ ಲೆಕ್ಕದಲ್ಲಿ ಮೂಲಕ್ಕೇ ಕೈಹಾಕುವ ಆಕ್ಷೇಪ. ಗಮನ ತಪ್ಪುವುದು ತಪ್ಪುವ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ಗೊತ್ತಾದರೆ ಅದು ತಪ್ಪಿದ್ದೇ ಅಲ್ಲ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬ ಮನೋವಿಜ್ಞಾನಿಗಳು ಒಂದು ಸಣ್ಣ ಚಿತ್ರ ತೋರಿಸಿದರು. ಬಿಳಿ ಅಂಗಿಯವರು, ಕಪ್ಪು ಅಂಗಿಯವರು ಚೆಂಡು ಎಸೆದಾಡುತ್ತಿದ್ದಾರೆ. ಬಿಳಿಯವರು ಎಷ್ಟು ಸಲ ಎಸೆದರು ಎಂದು ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು, ಹೊರಟುಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ಆ ಚಿತ್ರದಲ್ಲಿ ಒಡೆದ ದೃಶ್ಯಗಳಿಲ್ಲ, ರಾಚುವ ಬಣ್ಣವಿಲ್ಲ. ಅದರಷ್ಟು ಸಪ್ಪೆ ಚಿತ್ರ ಹುಡುಕಿದರೂ ಸಿಗಲಿಕ್ಕಿಲ್ಲ. ಅದು ಎಡಿಎಚ್‌ಡಿಯ ಪ್ರಯೋಗವೂ ಅಲ್ಲ. ಆದರೆ ‘ನನ್ನ ಕಣ್ಣೆದುರೇ ಇದ್ದದ್ದು ನನಗೆ ಕಾಣಲಿಲ್ಲ, ಕಾಣಲಿಲ್ಲ ಎಂಬುದೂ ನನಗೆ ಗೊತ್ತಾಗಲಿಲ್ಲ’ ಎಂಬ ಪೆಚ್ಚನ್ನು ನೋಡುಗರಿಗೆ ನಿಜವಾಗಿ ಉಣಿಸಿದ ಚಿತ್ರ ಅದು. ಮೇಷ್ಟರು ಹೇಳಿದ್ದನ್ನು ಕೇಳಿಸಿಕೊಂಡೆ ಎಂದು ನಂಬಿ ಮನೆಗೆ ಹೋದ ಮಗು ಮರುದಿನ ಬೈಸಿಕೊಳ್ಳುವಾಗ ಪಡುವ ಪೆಚ್ಚು ಇದಕ್ಕೆ ತೀರ ಹತ್ತಿರದ್ದು. ಗಡಿಬಿಡಿಯ ಅನಿಮೇಷನ್ ನೋಡುವವರಿಗೆ ಪ್ರತಿ ಕ್ಷಣವೂ ತಮ್ಮ ಗಮನ ಚೆದರುತ್ತಿದೆ ಎಂಬ ಅರಿವಿರುತ್ತದೆ. ಅಷ್ಟು ಅರಿವು ಆ ಮಗುವಿಗೆ ಇದ್ದಿದ್ದರೆ ಅದರ ಅರ್ಧ ಕಷ್ಟ ಇರುತ್ತಲೇ ಇರಲಿಲ್ಲ.

ಹಾಗಾದರೆ ಅನಿಮೇಷನ್‌ಗೆ ಇಲ್ಲಿ ಕೆಲಸವಿಲ್ಲವೇ? ಇದೆ, ಆದರೆ ಅದರ ಹತ್ಯಾರು ಬಣ್ಣವೂ ವೇಗವೂ ಅಲ್ಲ, ಕಾಲ. ಎಡಿಎಚ್‌ಡಿಯನ್ನು ಗಮನದ ಕೊರತೆ ಎನ್ನುವುದಕ್ಕಿಂತ ತನ್ನನ್ನು ತಾನು ನಿಯಂತ್ರಿಸಿಕೊಳ್ಳುವುದರ, ಮುಂದಿನ ಹೊತ್ತನ್ನು ಈಗಿನಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದರ ತೊಂದರೆ ಎಂದು ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ 1990ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ಎಲ್ಲರೂ ಒಪ್ಪಿದ ಮಾತಲ್ಲ. ಆದರೂ ನಮ್ಮ ಸೀಮೆಗೆ ಅದನ್ನು ಹೊಂದಿಸಿ ನೋಡಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸುವ ಬ್ಯಾರನ್‌ಗೆ ಸೊಪ್ಪು ಏರಿಸಿದ ಮೇಲೆ ಹಲವು ದಿನ ಬೆಂಕಿ ಕಾಯಬೇಕು. ಮೊದಲು ಸಣ್ಣ ಕಾವು, ಸೊಪ್ಪು ಹಳದಿಗೆ ತಿರುಗಲಿಕ್ಕೆ. ಆಮೇಲೆ ಹೆಚ್ಚಿನದು, ಎಲೆ ಒಣಗಲಿಕ್ಕೆ. ಕೊನೆಗೆ ಇನ್ನೂ ಹೆಚ್ಚು, ನಡುದಂಟು ಒಣಗಲಿಕ್ಕೆ. ರಾತ್ರಿಯೂ ಎದ್ದೆದ್ದು ಸೌದೆ ಒಡ್ಡಬೇಕು. ಎಡಿಎಚ್‌ಡಿ ಇರುವ ಯುವಕನೊಬ್ಬ ಆ ಪಾಳಿಗೆ ಕೂತಿದ್ದಾನೆ ಎಂದುಕೊಳ್ಳಿ. ಅವನ ತಲೆಯಲ್ಲಿ ಸಿಡಿಮದ್ದು ಸಿಡಿಯುತ್ತಿಲ್ಲ. ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾನೆ, ಇನ್ನೇನು ಏಳುತ್ತೇನೆ ಎಂದುಕೊಂಡಿದ್ದಾನೆ, ಆ ಇನ್ನೇನು ಎಂಬುದು ಎಷ್ಟು ಉದ್ದ ಎಂಬ ಅಂದಾಜು ಅವನಿಗಿಲ್ಲ. ಇದನ್ನು ಗಡಿಬಿಡಿಯಿಂದ ಬರೆಯಲು ಹೋದರೆ ಸುಳ್ಳಾಗುತ್ತದೆ. ಬರೆಯಬೇಕಾದ್ದು ಒಂದೇ ಚೌಕಟ್ಟಿನಲ್ಲಿ ಓಡುವ ಎರಡು ಕಾಲಗಳನ್ನು: ಬೆಂಕಿಯ ಕಾಲ, ಹುಡುಗನ ಕಾಲ.

ಇದು ಆಗದ ಮಾತೇನಲ್ಲ. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು. ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬರೆಯಬಹುದು, ಅಥವಾ ಒಂದು ಚಿತ್ರವನ್ನು ಎರಡು ಚೌಕಟ್ಟು ಹಿಡಿದಿಟ್ಟು ಸೆಕೆಂಡಿಗೆ 12ರಲ್ಲಿ ಮುಗಿಸಬಹುದು. 2018ರ ‘ಸ್ಪೈಡರ್‌ಮ್ಯಾನ್: ಇಂಟು ದ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಹೊಸಬ ಮೈಲ್ಸ್‌ನನ್ನು 12ರ ಲೆಕ್ಕದಲ್ಲೂ, ಪಳಗಿದ ಪೀಟರ್‌ನನ್ನು 24ರ ಲೆಕ್ಕದಲ್ಲೂ ಬರೆದು ಇಬ್ಬರನ್ನೂ ಒಂದೇ ಕಾಡಿನಲ್ಲಿ ಜಿಗಿಸಿದರು. ಏನು ಬೇರೆ ಎಂದು ನೋಡುಗರು ಹೇಳಲಾರರು, ಒಬ್ಬ ತಡವರಿಸುತ್ತಿದ್ದಾನೆ ಎಂಬುದು ಮಾತ್ರ ಮೈಗೆ ತಾಕುತ್ತದೆ. ಮೈಲ್ಸ್‌ಗೆ ಎಡಿಎಚ್‌ಡಿ ಇದೆ ಎಂದು ಆ ಚಿತ್ರ ಹೇಳುವುದಿಲ್ಲ. ಸಮಯದ ವ್ಯತ್ಯಾಸವನ್ನೇ ಪಾತ್ರದ ವ್ಯತ್ಯಾಸವಾಗಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ಮರೆವಿಗೂ ಇಂಥ ದಾರಿಯಿದೆ. ಮೊದಲ ದೃಶ್ಯದಲ್ಲಿ ಹುಡುಗಿಯ ಕೈಯಲ್ಲಿದ್ದ ಛತ್ರಿ ಮೂರನೆಯದರಲ್ಲಿ ಇರುವುದಿಲ್ಲ. ಬಿಟ್ಟುಬಂದದ್ದನ್ನು ಚಿತ್ರ ತೋರಿಸುವುದಿಲ್ಲ, ಸಂಗೀತ ಬದಲಾಗುವುದಿಲ್ಲ. ಐದನೆಯ ದೃಶ್ಯದಲ್ಲಿ ಮಳೆ ಹನಿಯುತ್ತದೆ, ಆಗ ಅವಳಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತದೆ.

ಗ್ರಾಫಿಕ್ ಡಿಸೈನ್‌ನವರು ಇನ್ನೂ ಹತ್ತಿರದಲ್ಲೇ ಕಲಿಯಬಹುದು. ನಮ್ಮ ತೊಗಲು ಗೊಂಬೆಯಾಟದಲ್ಲಿ ಗೊಂಬೆಯ ಗಾತ್ರ ಪಾತ್ರದ ಅಂತಸ್ತಿಗೆ ತಕ್ಕಂತೆ ಇರುತ್ತದೆ. ದೇವರು, ರಾಜ ದೊಡ್ಡವರು, ಆಳು ಸಣ್ಣವನು. ಕಣ್ಣಿಗೆ ಕಾಣುವ ಅಳತೆ ಬಿಟ್ಟು ಮನಸ್ಸಿಗೆ ತೂಗುವ ಅಳತೆ ಹಿಡಿದ ಪದ್ಧತಿ ಅದು. ಮೇಷ್ಟರ ಮಾತಿಗಿಂತ ಡೆಸ್ಕಿನ ಮೇಲಿನ ರಬ್ಬರು ದೊಡ್ಡದಾಗಿ ತೂಗುವ ಮಗುವಿನ ಮನಸ್ಸನ್ನು ಬರೆಯಲು ಇದಕ್ಕಿಂತ ನೇರವಾದ ದಾರಿ ಬೇಕೆ? ಒಂದು ಸ್ಥಿರ ಪುಟ, ತೊಡೆಯೆತ್ತರದ ಮೇಷ್ಟರು, ಬೀರುವಿನಷ್ಟು ರಬ್ಬರು. ಗಲಾಟೆ ಎಲ್ಲೂ ಇಲ್ಲ.

ಇನ್ನು ಆಕ್ಷೇಪಗಳು.

1. ‘ಅನುಭವಿಸಿದವರೇ ಗಡಿಬಿಡಿ ಎನ್ನುವಾಗ ನೀವು ಯಾರು?’ ನ್ಯಾಯವಾದ ಪ್ರಶ್ನೆ. ತನ್ನ ತಲೆ ಹೀಗಿದೆ ಎಂದು ಒಬ್ಬಳು ಬರೆದ ಚಿತ್ರವನ್ನು ಸುಳ್ಳೆನ್ನಲು ಯಾರಿಗೂ ಹಕ್ಕಿಲ್ಲ. ಆದರೆ ಅದೇ ವ್ಯಕ್ತಿ ಇಷ್ಟವಾದ ಕೆಲಸಕ್ಕೆ ಕೂತರೆ ಊಟ ಮರೆತು ಗಂಟೆಗಟ್ಟಲೆ ಮೇಲೇಳುವುದಿಲ್ಲ ಎಂದೂ ಹೇಳುತ್ತಾಳೆ. ಆ ಭಾಗವನ್ನು ಪೋಸ್ಟರು ಕೈಬಿಡುತ್ತದೆ. ಒಬ್ಬರ ಒಂದು ಹೊತ್ತಿನ ಸಾಕ್ಷಿ ಒಂದು, ಶಾಲೆಯ ಗೋಡೆಗೆ ಅಂಟಿಸಿ ‘ಎಡಿಎಚ್‌ಡಿ ಎಂದರೆ ಇದು’ ಎನ್ನುವುದು ಇನ್ನೊಂದು. ಮೊದಲನೆಯದು ಕಲೆಗಾರರ ಸ್ವಾತಂತ್ರ್ಯ. ಎರಡನೆಯದಕ್ಕೆ ಸತ್ಯದ ಹೊಣೆ ಅಂಟಿಕೊಂಡಿದೆ.

2. ‘ವಿವರದಲ್ಲಿ ತಪ್ಪಿದ್ದರೇನು, ಕರುಣೆ ಹುಟ್ಟಿತಲ್ಲ?’ 2007ರ ‘ತಾರೇ ಜಮೀನ್ ಪರ್’ ಇದಕ್ಕೆ ಒಳ್ಳೆಯ ಪರೀಕ್ಷೆ. ಡಿಸ್‌ಲೆಕ್ಸಿಯಾ ಎಂಬ ಹೆಸರನ್ನು ದೇಶದ ಮನೆಮನೆಗೆ ತಲುಪಿಸಿದ ಸಿನಿಮಾ ಅದು, ಆ ಋಣ ದೊಡ್ಡದು. ಆದರೆ ಅದರ ಅನಿಮೇಷನ್ ಜನರ ಮನಸ್ಸಿನಲ್ಲಿ ಬಿಟ್ಟುಹೋದ ಚಿತ್ರ ಕುಣಿಯುವ ಅಕ್ಷರಗಳದ್ದು. ಡಿಸ್‌ಲೆಕ್ಸಿಯಾದಲ್ಲಿ ಮುಖ್ಯ ತೊಡಕಿರುವುದು ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರಲ್ಲಿ. ಅಕ್ಷರ ಕುಣಿದಂತೆ ಕಂಡಿತು ಎನ್ನುವವರು ಇರಬಹುದು, ತೊಂದರೆಯ ಬೇರು ಅದಲ್ಲ. ‘ನಿನಗೆ ಅಕ್ಷರ ಕುಣಿಯುತ್ತಾ?’ ಎಂದು ಕೇಳಿ, ಇಲ್ಲ ಎಂದ ಮಗುವನ್ನು ಸೋಮಾರಿಗಳ ಪಟ್ಟಿಗೆ ವಾಪಸ್ ಸೇರಿಸುವುದು ಎಷ್ಟು ಸುಲಭ! ಅಂದವಾದ ತಪ್ಪು ಚಿತ್ರ ಒಂದು ತಪ್ಪು ಪರೀಕ್ಷೆಯನ್ನೂ ಜೊತೆಗೇ ಕೊಡುತ್ತದೆ.

3. ‘ಎರಡು ನಿಮಿಷ ಅವರ ಜಾಗದಲ್ಲಿ ಕೂತರೆ ಗೌರವ ಬೆಳೆಯುತ್ತದೆ.’ ಬೆಳೆಯಲೇಬೇಕೆಂದಿಲ್ಲ. ಕುರುಡುತನವನ್ನು ಅನುಭವಿಸಿ ನೋಡಿ ಎಂದು ಕಣ್ಣಿಗೆ ಬಟ್ಟೆ ಕಟ್ಟಿಸಿದ ಪ್ರಯೋಗವನ್ನು ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಬಟ್ಟೆ ಕಟ್ಟಿಕೊಂಡು ತಡಕಾಡಿದವರು, ಕಣ್ಣು ಕಾಣದವರಿಗೆ ಸ್ವತಂತ್ರವಾಗಿ ಬದುಕುವ, ಕೆಲಸ ಮಾಡುವ ಶಕ್ತಿ ಕಡಿಮೆ ಎಂದು ಅಂದಾಜಿಸತೊಡಗಿದ್ದರು. ತಾವು ಮೊದಲ ಗಳಿಗೆಯಲ್ಲಿ ಪಟ್ಟ ಗಾಬರಿಯನ್ನೇ ಅವರ ಇಡೀ ಬದುಕು ಎಂದುಕೊಂಡದ್ದು ಇದಕ್ಕೆ ಕಾರಣ. ಗಡಿಬಿಡಿಯ ಚಿತ್ರ ನೋಡಿ ‘ಅಯ್ಯೋ, ಇಂಥ ತಲೆ ಇಟ್ಟುಕೊಂಡು ಇವನು ಏನು ಓದಿಯಾನು’ ಎಂದುಕೊಳ್ಳುವ ಮೇಷ್ಟರಿಗೆ ಕರುಣೆಯೇನೋ ಬಂದಿದೆ. ಮಗುವಿಗೆ ಅದರಿಂದ ಬಂದದ್ದು ಕಡಿಮೆ ಪ್ರಶ್ನೆಗಳು, ಕಡಿಮೆ ನಿರೀಕ್ಷೆ.

ಇದಕ್ಕೆ ಸೇರಿಕೊಂಡಂತೆ ಹೊಗಳಿಕೆಯ ರೂಪದ ಒಂದು ನಂಬಿಕೆಯೂ ಇದೆ: ಎಡಿಎಚ್‌ಡಿ ಇರುವವರು ಹುಟ್ಟಾ ಸೃಜನಶೀಲರು, ಅವರಿಗೆ ಅನಿಮೇಷನ್ ಹೇಳಿ ಮಾಡಿಸಿದ ಕ್ಷೇತ್ರ. ಹೀಗೆ ಹೇಳುವವರು ಅನಿಮೇಷನ್ ಮಾಡುವುದನ್ನು ಹತ್ತಿರದಿಂದ ನೋಡಿರಲಿಕ್ಕಿಲ್ಲ. 12ರ ಲೆಕ್ಕದಲ್ಲೇ ಕೈಯಲ್ಲಿ ಬರೆದರೂ ಒಂದು ನಿಮಿಷಕ್ಕೆ 720 ಚಿತ್ರ, ಹೆಚ್ಚಿನವು ಹಿಂದಿನದಕ್ಕಿಂತ ಕೂದಲೆಳೆಯಷ್ಟೇ ಬೇರೆ. ಕಲ್ಪನೆ ಮೊದಲ ವಾರಕ್ಕೆ ಮುಗಿದಿರುತ್ತದೆ, ಉಳಿದದ್ದು ಫೈಲಿನ ಹೆಸರು, ಪದರಗಳ ಸಂಖ್ಯೆ, ಗಡುವು. ಪಟ್ಟಿಯ ಒಂಬತ್ತು ಲಕ್ಷಣಗಳಲ್ಲಿ ಆರೇಳಕ್ಕೆ ಇದು ದಿನವೂ ಪರೀಕ್ಷೆ. ಆದರೂ ಮಾಡುವವರಿದ್ದಾರೆ, ಚೆನ್ನಾಗಿಯೂ ಮಾಡುತ್ತಾರೆ. ಅವರನ್ನು ಹೊಗಳುವುದಾದರೆ ದೈವದತ್ತ ಚುರುಕಿಗಲ್ಲ, ಆ 720ನ್ನು ಮುಗಿಸಿದ್ದಕ್ಕೆ ಹೊಗಳಬೇಕು.

ಇಷ್ಟು ಹೊತ್ತು ಡಿಸೈನ್ ಎಂದರೆ ತೋರಿಸುವುದು ಎಂದೇ ಮಾತಾಡಿದೆ. ಅದಕ್ಕೆ ಇನ್ನೊಂದು ಕೆಲಸವಿದೆ, ಅದರ ಉದಾಹರಣೆ ನಮ್ಮದೇ ಸೀಮೆಯ ಹೆಗ್ಗಡದೇವನಕೋಟೆಯದು. ಇಂದು ರಾಜ್ಯಕ್ಕೆಲ್ಲ ಗೊತ್ತಿರುವ ನಲಿಕಲಿ ಎಂಬ ಕಲಿಕಾ ಪದ್ಧತಿ ಶುರುವಾದದ್ದು 1995ರಲ್ಲಿ ಈ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವಿನಿಂದ ಇಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡುಗಳ ಪದ್ಧತಿ ನೋಡಿ ಬಂದು, ಕನ್ನಡಕ್ಕೆ ತಮ್ಮದೇ ಕಾರ್ಡು ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆ ಹಬ್ಬಿತು. ಅದರ ತರಗತಿಯನ್ನು ಡಿಸೈನ್ ಕಣ್ಣಿನಿಂದ ನೋಡಿ. ಗೋಡೆಯಲ್ಲಿ ಕಲಿಕಾ ಏಣಿ. ಪ್ರತಿ ಮೆಟ್ಟಿಲಲ್ಲೂ ಪುಟ್ಟ ಲೋಗೋ, ಪಕ್ಕದಲ್ಲಿ ಸಂಖ್ಯೆ. ಮಗು ತಾನಿರುವ ಮೆಟ್ಟಿಲು ನೋಡಿಕೊಂಡು, ಅದೇ ಲೋಗೋ ಇರುವ ಕಾರ್ಡು ತೆಗೆದು, ಅದಕ್ಕೆ ಗೊತ್ತುಮಾಡಿದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಕಾರ್ಡು ಒಂದು ಚಿಕ್ಕ ಕೆಲಸ. ಮುಗಿದರೆ ಎದ್ದು ಹೋಗಿ ಮುಂದಿನದನ್ನು ತರಬಹುದು. ನೆಲಮಟ್ಟದಲ್ಲಿ ಮಕ್ಕಳಿಗೇ ಗೋಡೆಯ ಕಪ್ಪುಹಲಗೆ. ಎಲ್ಲಿದ್ದೇನೆ, ಮುಂದೇನು, ಎಷ್ಟು ಉಳಿದಿದೆ ಎಂಬ ಮೂರನ್ನೂ ತಲೆಯಿಂದ ತೆಗೆದು ಗೋಡೆಗೆ ಹಾಕಿದ ವ್ಯವಸ್ಥೆ ಇದು. ಏಳುವುದು ಇಲ್ಲಿ ತಪ್ಪಲ್ಲ, ಪಾಠದ ಭಾಗ. ಎಡಿಎಚ್‌ಡಿಗಾಗಿ ಮಾಡಿದ್ದಲ್ಲ, ಒಬ್ಬರೇ ಮೇಷ್ಟರು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸಬೇಕಾದ ಶಾಲೆಗಳ ಸಮಸ್ಯೆಯಿಂದ ಹುಟ್ಟಿದ್ದು. ಆದರೆ ಕಾಲದ ಅಂದಾಜು ಸಿಗದ, ಮುಂದಿನ ಹೆಜ್ಜೆ ಮರೆಯುವ ಮಗುವಿಗೆ ಏನು ಬೇಕು ಎಂದು ಪಟ್ಟಿ ಮಾಡಿದರೆ ಇವುಗಳಲ್ಲಿ ಹಲವು ಆ ಪಟ್ಟಿಯಲ್ಲಿರುತ್ತವೆ. ಆ ಮಗುವಿನ ಅನುಭವವನ್ನು ಒಂದು ಚಿತ್ರದಲ್ಲೂ ‘ತೋರಿಸದೆ’ ಆ ಅನುಭವಕ್ಕೆ ಉತ್ತರ ಕೊಟ್ಟ ಗ್ರಾಫಿಕ್ ಡಿಸೈನ್ ಎಂದು ನಾನು ಇದನ್ನು ಕರೆಯುತ್ತೇನೆ.

ಹಾಗೆಂದು ನಲಿಕಲಿಯ ಕೋಣೆ ಈ ಮಕ್ಕಳಿಗೆ ಸ್ವರ್ಗ ಎನ್ನಲಾರೆ. ಕಲಿಕಾ ಚಪ್ಪರದಿಂದ ಮಕ್ಕಳ ಚಿತ್ರಗಳೆಲ್ಲ ತಲೆಯ ಮೇಲೆ ತೂಗಾಡುತ್ತವೆ, ನಾಲ್ಕೂ ಗೋಡೆ ತುಂಬಿರುತ್ತವೆ, ಐದಾರು ಗುಂಪುಗಳ ಸದ್ದು ಒಂದೇ ಸೂರಿನಡಿ. ಅಲಂಕಾರ ತುಂಬಿದ ತರಗತಿಯಲ್ಲಿ ಕೂತ ಪುಟ್ಟ ಮಕ್ಕಳು ಬರಿಗೋಡೆಯ ತರಗತಿಯಲ್ಲಿ ಕೂತವರಿಗಿಂತ ಹೆಚ್ಚು ಗಮನ ಕಳೆದುಕೊಂಡರು, ಕಡಿಮೆ ಕಲಿತರು ಎಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ; ಅವರು ನೋಡಿದ್ದು ಸಾಮಾನ್ಯ ಮಕ್ಕಳನ್ನು. ಹೀಗಾಗಿ ಎಡಿಎಚ್‌ಡಿ ಬಗ್ಗೆ ಪದವಿಯ ಪ್ರಾಜೆಕ್ಟ್ ಮಾಡಹೊರಟ ಹೆಗ್ಗಡದೇವನಕೋಟೆಯ ಹುಡುಗಿಯೊಬ್ಬಳಿಗೆ ನಾನು ಕೇಳುವುದು ಎರಡು ನಿಮಿಷದ ಗಡಿಬಿಡಿಯನ್ನಲ್ಲ. ಏಣಿ ಯಾವ ಗೋಡೆಗಿರಬೇಕು, ಅದರ ಎದುರು ಕೂರುವ ಮಗುವಿನ ಕಣ್ಣಳತೆಯಲ್ಲಿ ಇನ್ನೇನು ಇರಬಾರದು, ಚಪ್ಪರವನ್ನು ಕೋಣೆಯ ಹಿಂಭಾಗಕ್ಕೆ ಸರಿಸಿದರೆ ಮಕ್ಕಳ ಚಿತ್ರಗಳಿಗೆ ಸಿಗುವ ಗೌರವವೂ ಉಳಿದು ಮುಂದಿನ ಗೋಡೆ ಖಾಲಿಯಾಗುತ್ತದೆಯೇ, ಒಂದು ಕಾರ್ಡಿಗೆ ಹಿಡಿಯುವ ಹೊತ್ತನ್ನು ಓದು ಬಾರದ ಮಗುವಿಗೂ ತಿಳಿಯುವಂತೆ ಅದರ ಅಂಚಿನಲ್ಲೇ ಬರೆಯುವುದು ಹೇಗೆ. ಕೊನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಗಡಿಯಾರದ ಚಿತ್ರ ಸಾಲದು. ಗಡಿಯಾರ ಅರ್ಥವಾಗುತ್ತಿದ್ದರೆ ಆ ಮಗು ಈ ಕಾರ್ಡಿನ ಹತ್ತಿರ ತಡವಾಗಿ ಬರುತ್ತಿರಲಿಲ್ಲ.